ಬೆಂಗಳೂರಿನಿಂದ ಲಂಡನ್‌ಗೆ ನಿಜವಾಗಿ ಎಷ್ಟು ಗಂಟೆ? ದೂರದ ವಿಮಾನ ಪ್ರಯಾಣದ ಲೆಕ್ಕ ನೀವೇ ಹಾಕುವ ಬಗೆ

ಅಮ್ಮ ಮೊದಲ ಸಲ ಲಂಡನ್‌ಗೆ, ಅಕ್ಕನ ಮನೆಗೆ ಹೊರಟಿದ್ದರು. ಚಳಿಗಾಲ. ಟಿಕೆಟ್ ಪ್ರಿಂಟ್ ಹಾಕಿಸಿ ತಂದುಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಕೇಳಿದರು: "ಮಧ್ಯಾಹ್ನ ಒಂದೂವರೆಗೆ ಹೊರಟ್ರೆ ಸಂಜೆ ಆರು ಮುಕ್ಕಾಲಿಗೆ ಲಂಡನ್. ಬರುವಾಗ ರಾತ್ರಿ ಎಂಟಕ್ಕೆ ಹೊರಟ್ರೆ ಮಾರನೇ ದಿನ ಹನ್ನೊಂದೂವರೆಗೆ ಬೆಂಗಳೂರು. ಹೋಗೋಕೆ ಐದು ಗಂಟೆ, ಬರೋಕೆ ಹದಿನೈದು ಗಂಟೆ ಯಾಕೋ? ಒಂದೇ ದಾರಿ ತಾನೇ?"

ಒಳ್ಳೆಯ ಪ್ರಶ್ನೆ. ದೂರ ಎಷ್ಟು, ಹಾರುವ ಹೊತ್ತು ಎಷ್ಟು, ಗಡಿಯಾರ ಏನು ತೋರಿಸುತ್ತದೆ, ಮನೆಯಿಂದ ಮನೆಗೆ ಒಟ್ಟು ಎಷ್ಟಾಗುತ್ತದೆ, ಇವೆಲ್ಲ ಬೇರೆ ಬೇರೆ ಲೆಕ್ಕ. ನಾವು ಎಲ್ಲವನ್ನೂ ಒಂದೇ ಎಂದುಕೊಂಡು ಗೊಂದಲ ಮಾಡಿಕೊಳ್ಳುತ್ತೇವೆ. ಅವತ್ತು ಅಮ್ಮನಿಗೆ ಊಟದ ಟೇಬಲ್ ಮೇಲೆ ಹಾಳೆ ಇಟ್ಟುಕೊಂಡು ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಲಂಡನ್ ಬದಲು ನಿಮ್ಮ ಊರಿನ ಹೆಸರು ಹಾಕಿಕೊಂಡರೆ ಸಾಕು.

ಮೊದಲು ದೂರ: ಗ್ಲೋಬ್ ಮತ್ತು ಒಂದು ದಾರ

ಗೋಡೆಯ ಮೇಲಿನ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆಯಬೇಡಿ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡಿದಾಗ ಉತ್ತರದ ದೇಶಗಳು ಎಳೆದ ಹಾಗೆ ದೊಡ್ಡದಾಗುತ್ತವೆ. ಶಾಲೆಯಲ್ಲಿ ನೋಡಿದ ನಕ್ಷೆಗಳಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚು ಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ, ಅಲ್ವಾ? ನಿಜದಲ್ಲಿ ಆಫ್ರಿಕಾ ಅದರ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು. ಅಂಥ ನಕ್ಷೆಯಲ್ಲಿ ಎಳೆದ ನೇರ ಗೆರೆ ವಿಮಾನಕ್ಕೆ ನೇರ ದಾರಿಯಲ್ಲ.

ಮಕ್ಕಳ ಗ್ಲೋಬ್ ಇದ್ದರೆ ತನ್ನಿ. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಲಂಡನ್‌ವರೆಗೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಅತಿ ಚಿಕ್ಕ ದಾರಿ ಹುಡುಕಿಕೊಳ್ಳುತ್ತದೆ. ಆಮೇಲೆ ದಾರವನ್ನು ಸ್ಕೇಲ್ ಮೇಲೆ ಅಳೆಯಿರಿ. ಅಡ್ಡಳತೆ 30 ಸೆಂಟಿಮೀಟರ್ ಇರುವ ಗ್ಲೋಬಿನ ಸುತ್ತಳತೆ ಸುಮಾರು 94 ಸೆಂಟಿಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಒಂದು ಸೆಂಟಿಮೀಟರ್ ದಾರಕ್ಕೆ ಸುಮಾರು 425 ಕಿ.ಮೀ. ಲಂಡನ್‌ಗೆ ದಾರ 19 ಸೆಂಟಿಮೀಟರ್ ಹತ್ತಿರ ಬರುತ್ತದೆ. ಗುಣಿಸಿದರೆ 8,000 ಕಿ.ಮೀ. ದಾಟುತ್ತದೆ. ಬರಿಗೈಯಲ್ಲಿ ಮಾಡಿದ ಲೆಕ್ಕಕ್ಕೆ ಇದು ತುಂಬಾ ಚೆನ್ನಾಗಿದೆ. ನಿಮ್ಮ ಗ್ಲೋಬ್ ಚಿಕ್ಕದಿದ್ದರೆ ಅದರ ಹೊಟ್ಟೆಯ ಸುತ್ತ ದಾರ ಸುತ್ತಿ ಅಳೆದು, 40,000ವನ್ನು ಆ ಅಳತೆಯಿಂದ ಭಾಗಿಸಿಕೊಳ್ಳಿ.

ಇದನ್ನು ಮಕ್ಕಳ ಜೊತೆ ಕೂತು ಮಾಡಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಎಳೆದಾಗ ಅವರ ಮುಖ ನೋಡಬೇಕು. ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ದಾರ ಹೆಚ್ಚು ಕಡಿಮೆ ಉತ್ತರಕ್ಕೆ ಓಡುತ್ತದೆ. ಹಿಮಾಲಯ ಹತ್ತಿ, ಸೈಬೀರಿಯಾ ದಾಟಿ, ಆರ್ಕ್‌ಟಿಕ್ ವೃತ್ತದ ಒಳಗೆ ಹೊಕ್ಕು, ಅಲಾಸ್ಕಾ ಕಡೆಯಿಂದ ಅಮೆರಿಕಕ್ಕೆ ಇಳಿಯುತ್ತದೆ. ದೂರ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ!

ಕ್ಯಾಲ್ಕುಲೇಟರ್ ಇಷ್ಟಪಡುವವರಿಗೆ

ಹೈಸ್ಕೂಲಿನ ತ್ರಿಕೋನಮಿತಿ ಸ್ವಲ್ಪ ನೆನಪಿದ್ದರೆ ಸಾಕು. ಬೇಡ ಎನಿಸಿದರೆ ಈ ಭಾಗ ಬಿಟ್ಟು ಮುಂದೆ ಹೋಗಿ, ಏನೂ ನಷ್ಟವಿಲ್ಲ.

ದೇವನಹಳ್ಳಿಯ ನಮ್ಮ ವಿಮಾನ ನಿಲ್ದಾಣ ಉತ್ತರ ಅಕ್ಷಾಂಶ 13.2 ಡಿಗ್ರಿ, ಪೂರ್ವ ರೇಖಾಂಶ 77.7 ಡಿಗ್ರಿಯಲ್ಲಿದೆ. ಲಂಡನ್‌ನ ಹೀತ್ರೂ ಉತ್ತರ ಅಕ್ಷಾಂಶ 51.5, ಪಶ್ಚಿಮ ರೇಖಾಂಶ 0.5. ಒಂದು ಪೂರ್ವ, ಇನ್ನೊಂದು ಪಶ್ಚಿಮ. ಹಾಗಾಗಿ ರೇಖಾಂಶಗಳನ್ನು ಕೂಡಿಸಬೇಕು: 78.2. ಎರಡೂ ಪೂರ್ವದಲ್ಲೇ ಇದ್ದರೆ ಕಳೆಯಬೇಕು.

ಈಗ ಎರಡು ಅಕ್ಷಾಂಶಗಳ ಸೈನ್ ಗುಣಿಸಿ. 0.2284 ಮತ್ತು 0.7826 ಗುಣಿಸಿದರೆ 0.1787. ಇದನ್ನು ಒಂದು ಕಡೆ ಬರೆದಿಡಿ. ಆಮೇಲೆ ಎರಡು ಅಕ್ಷಾಂಶಗಳ ಕೊಸೈನ್, ಜೊತೆಗೆ ರೇಖಾಂಶದ ವ್ಯತ್ಯಾಸದ ಕೊಸೈನ್, ಮೂರನ್ನೂ ಗುಣಿಸಿ. 0.9736, 0.6225, 0.2045 ಗುಣಿಸಿದರೆ 0.1239. ಎರಡೂ ಉತ್ತರಗಳನ್ನು ಕೂಡಿಸಿ: 0.3026. ಯಾವ ಕೋನದ ಕೊಸೈನ್ ಇಷ್ಟು ಎಂದು ಕ್ಯಾಲ್ಕುಲೇಟರನ್ನು ಕೇಳಿದರೆ 72.4 ಡಿಗ್ರಿ ಎನ್ನುತ್ತದೆ. ಭೂಮಿಯ ಮೇಲೆ ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ. ಗುಣಿಸಿದರೆ ಸುಮಾರು 8,050 ಕಿ.ಮೀ. ದಾರ ಹೇಳಿದ ಉತ್ತರವೇ ಬಂತು.

ಇಲ್ಲೊಂದು ಎಚ್ಚರಿಕೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಒಂದು ಕಡೆ 8,050, ಇನ್ನೊಂದು ಕಡೆ 5,000, ಮತ್ತೊಂದು ಕಡೆ 4,350 ಹತ್ತಿರದ ಸಂಖ್ಯೆ ಸಿಗಬಹುದು. ಯಾವುದೂ ಸುಳ್ಳಲ್ಲ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ಹಡಗು ಮತ್ತು ವಿಮಾನದವರು ಬಳಸುವ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಸಂಖ್ಯೆಯ ಪಕ್ಕದಲ್ಲಿ ಏನು ಬರೆದಿದೆ ಎಂದು ನೋಡಿ.

ದೂರವನ್ನು ಗಂಟೆ ಮಾಡುವುದು

ದೊಡ್ಡ ವಿಮಾನಗಳು ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತವೆ. ಆದರೆ ಏರುವಾಗ, ಇಳಿಯುವಾಗ ಅಷ್ಟು ವೇಗ ಇರುವುದಿಲ್ಲ. ರನ್‌ವೇಗೆ ನಿಧಾನಕ್ಕೆ ಹೋಗುವ ಹೊತ್ತೂ ಇದೆ. ಟಿಕೆಟ್‌ನಲ್ಲಿ ಬರೆದ ಪ್ರಯಾಣದ ಅವಧಿಯಲ್ಲಿ ಅದೆಲ್ಲ ಸೇರಿರುತ್ತದೆ. ವಿಮಾನ ನಿಂತ ಜಾಗ ಬಿಟ್ಟ ಗಳಿಗೆಯಿಂದ ಆ ಕಡೆ ಹೋಗಿ ನಿಲ್ಲುವವರೆಗೆ.

ಅದಕ್ಕೆ ನಾನು ಇಟ್ಟುಕೊಂಡಿರುವ ಸುಲಭ ಲೆಕ್ಕ ಇದು: ಕಿಲೋಮೀಟರನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ದುಬೈ 2,700 ಕಿ.ಮೀ., ಸುಮಾರು ಮೂರು ಮುಕ್ಕಾಲು ಗಂಟೆ. ಟೋಕಿಯೊ 6,700 ಕಿ.ಮೀ., ಎಂಟು ಗಂಟೆಯ ಮೇಲೆ ಸ್ವಲ್ಪ. ಲಂಡನ್ ಹತ್ತು ಗಂಟೆ. ಸ್ಯಾನ್ ಫ್ರಾನ್ಸಿಸ್ಕೋ ಹದಿನೇಳು.

ಟಿಕೆಟ್ ನೋಡಿದರೆ ಅಮ್ಮನ ಲಂಡನ್ ವಿಮಾನಕ್ಕೆ ಹತ್ತು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ಎಲ್ಲಿಂದ ಬಂತು?

ಒಂದು ಕಾರಣ ಗಾಳಿ. ನೆಲದಿಂದ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿ ಹೊಳೆಯ ಹಾಗೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಗಂಟೆಗೆ 100, 200 ಕಿ.ಮೀ. ವೇಗ ಅದಕ್ಕೆ ಮಾಮೂಲು. ಚಳಿಗಾಲದಲ್ಲಿ ಇನ್ನೂ ಬಿರುಸು. ಪಶ್ಚಿಮಕ್ಕೆ ಹೋಗುವ ವಿಮಾನ ಹೊಳೆಗೆ ಎದುರಾಗಿ ಈಜಿದ ಹಾಗೆ. ಬರುವಾಗ ಅದೇ ಗಾಳಿ ಬೆನ್ನಿಗೆ ತಳ್ಳುತ್ತದೆ. ಅದಕ್ಕೇ ಯುರೋಪಿಗೆ ಹೋಗುವುದಕ್ಕಿಂತ ಅಲ್ಲಿಂದ ಬರುವುದು ಬೇಗ.

ಇನ್ನೊಂದು ಕಾರಣ ದೇಶಗಳ ಜಗಳ. ಬೆಂಗಳೂರಿನಿಂದ ಲಂಡನ್‌ಗೆ ದಾರ ಎಳೆದಾಗ ಅದು ಎಲ್ಲೆಲ್ಲಿ ಹಾದು ಹೋಗುತ್ತದೆ, ಗ್ಲೋಬ್ ಮೇಲೆ ಇನ್ನೊಮ್ಮೆ ನೋಡಿ. ಪಾಕಿಸ್ತಾನದ ಬಲೂಚಿಸ್ತಾನ, ಇರಾನ್, ಕಪ್ಪು ಸಮುದ್ರ, ಉಕ್ರೇನ್. ಉಕ್ರೇನ್ ಆಕಾಶ 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದ ದಿನವೇ ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ, ಭಾರತ ಪಾಕಿಸ್ತಾನದ ವಿಮಾನಗಳಿಗೆ ಆಕಾಶ ಮುಚ್ಚಿದವು. ಆಗ ವಿಮಾನ ಸುತ್ತು ಹಾಕಲೇಬೇಕು. ದೆಹಲಿಯವರಿಗೆ ಈ ಸುತ್ತು ಜಾಸ್ತಿ. ನಾವು ದಕ್ಷಿಣದಲ್ಲಿರುವುದರಿಂದ ಅರಬ್ಬೀ ಸಮುದ್ರದ ಮೇಲಿಂದ ಹೋಗಬಹುದು, ನಮಗೆ ಸ್ವಲ್ಪ ಕಡಿಮೆ. ಹಾಗಾಗಿ ಹೊರಡುವ ವಾರ ಮತ್ತೊಮ್ಮೆ ಟಿಕೆಟ್‌ನ ಸಮಯ ನೋಡುವುದು ಸುಮ್ನೆ ಹೇಳುವ ಮಾತಲ್ಲ. ಬುಕ್ ಮಾಡಿದಾಗ ಇದ್ದ ಸಮಯವೇ ಇರುತ್ತದೆ ಎಂಬ ಖಾತ್ರಿ ಇಲ್ಲ.

ಜಗಳ ಇಲ್ಲದ ಕಡೆಯೂ ನೇರ ದಾರಿ ಸಿಗದೇ ಹೋಗಬಹುದು. ಟಿಬೆಟ್ ಪ್ರಸ್ಥಭೂಮಿ ಅದಕ್ಕೆ ಒಳ್ಳೆಯ ಉದಾಹರಣೆ. ವಿಮಾನದೊಳಗಿನ ಗಾಳಿಯ ಒತ್ತಡ ಹೋದರೆ ಪೈಲಟ್ ಬೇಗ 10,000 ಅಡಿಗೆ ಇಳಿಯಬೇಕು, ಯಾಕೆಂದರೆ ಪ್ರಯಾಣಿಕರ ತಲೆ ಮೇಲಿನ ಆಕ್ಸಿಜನ್ ಮಾಸ್ಕ್ ಕೆಲವೇ ನಿಮಿಷಕ್ಕೆ ಆಗುವಷ್ಟು ಇರುತ್ತದೆ. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಇಳಿಯುವುದು ಎಲ್ಲಿಗೆ? ಅದಕ್ಕೇ ಹೆಚ್ಚಿನ ವಿಮಾನಗಳು ಆ ಭಾಗದ ಮೇಲೆ ಹಾರದೆ ಸುತ್ತು ಹಾಕಿಕೊಂಡು ಹೋಗುತ್ತವೆ.

ಗಡಿಯಾರದ ಗಂಟು ಬಿಡಿಸುವುದು

ಈಗ ಅಮ್ಮನ ಪ್ರಶ್ನೆ. ಟಿಕೆಟ್‌ನಲ್ಲಿ ಬರೆದ ಪ್ರತಿ ಸಮಯವೂ ಆಯಾ ಊರಿನ ಗಡಿಯಾರದ ಸಮಯ. ಹೊರಡುವುದು ಬೆಂಗಳೂರಿನ ಗಡಿಯಾರದಲ್ಲಿ, ತಲುಪುವುದು ಲಂಡನ್ ಗಡಿಯಾರದಲ್ಲಿ. ಎರಡನ್ನೂ ನೇರವಾಗಿ ಕಳೆದರೆ ತಪ್ಪು ಉತ್ತರ ಬರುತ್ತದೆ.

ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಅಲ್ಲಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ವ್ಯತ್ಯಾಸ ನಾಲ್ಕೂವರೆ ಗಂಟೆ. ಸ್ಯಾನ್ ಫ್ರಾನ್ಸಿಸ್ಕೋ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಅಮೆರಿಕದವರು ಗಡಿಯಾರ ಬದಲಿಸುವ ದಿನಗಳು ಬೇರೆ: ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ದುಬೈ, ಸಿಂಗಪುರ, ಟೋಕಿಯೊದಲ್ಲಿ ಈ ಬದಲಾವಣೆಯೇ ಇಲ್ಲ, ನಮ್ಮ ಹಾಗೆ.

ಲೆಕ್ಕ ಮಾಡುವಾಗ ಮೊದಲು ಎಲ್ಲವನ್ನೂ ಬೆಂಗಳೂರು ಗಡಿಯಾರಕ್ಕೆ ತನ್ನಿ. ಅಮ್ಮ ಲಂಡನ್‌ನಲ್ಲಿ ಇಳಿಯುವುದು ಸಂಜೆ 6.45. ಐದೂವರೆ ಗಂಟೆ ಸೇರಿಸಿದರೆ ಬೆಂಗಳೂರಿನಲ್ಲಿ ರಾತ್ರಿ 12.15. ಹೊರಟಿದ್ದು 1.30. ಅಲ್ಲಿಗೆ ಹತ್ತು ಮುಕ್ಕಾಲು ಗಂಟೆ. ಬರುವಾಗ ಲಂಡನ್‌ನಲ್ಲಿ ರಾತ್ರಿ ಎಂಟು ಅಂದರೆ ಇಲ್ಲಿ ಮಧ್ಯರಾತ್ರಿ ದಾಟಿ 1.30. ಬೆಳಿಗ್ಗೆ 11.30ಕ್ಕೆ ಇಳಿದರೆ ಸರಿಯಾಗಿ ಹತ್ತು ಗಂಟೆ.

ಇದರಲ್ಲಿ ಒಂದು ಚೆಂದದ ಉಪಾಯ ಇದೆ. ನನಗೆ ತುಂಬಾ ಇಷ್ಟವಾದದ್ದು. ಗಡಿಯಾರದ ವ್ಯತ್ಯಾಸ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಹೋಗುವಾಗ ಕಾಣುವ ಅವಧಿ, ಬರುವಾಗ ಕಾಣುವ ಅವಧಿ, ಎರಡನ್ನೂ ಕೂಡಿಸಿ ಅರ್ಧ ಮಾಡಿ. ಅಮ್ಮ ನೋಡಿದ್ದು ಐದೂ ಕಾಲು ಗಂಟೆ ಮತ್ತು ಹದಿನೈದೂವರೆ ಗಂಟೆ. ಕೂಡಿಸಿದರೆ ಇಪ್ಪತ್ತು ಗಂಟೆ 45 ನಿಮಿಷ. ಅರ್ಧ ಮಾಡಿದರೆ ಹತ್ತು ಗಂಟೆ 22 ನಿಮಿಷ. ಹೋಗುವ ಬರುವ ಪ್ರಯಾಣದ ನಿಜವಾದ ಸರಾಸರಿ ಅದೇ. ಹೋಗುವಾಗ ಕಳೆದುಹೋದ ಐದೂವರೆ ಗಂಟೆ ಬರುವಾಗ ಸೇರಿಕೊಳ್ಳುತ್ತದೆ, ಹಾಗಾಗಿ ಒಂದಕ್ಕೊಂದು ವಜಾ. ಇದನ್ನು ತೋರಿಸಿದ ಮೇಲೆ ಅಮ್ಮ ನೆಮ್ಮದಿಯಾಗಿ ಟಿಕೆಟ್ ಮಡಚಿ ಪರ್ಸಿಗೆ ಹಾಕಿಕೊಂಡರು.

ಇನ್ನೂ ದೂರ ಹೋದರೆ ದಿನಗಳೇ ಮಾಯವಾಗುತ್ತವೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿತು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು. ಉತ್ತರ ಧ್ರುವದ ಕಡೆಯಿಂದ ಬಂದ ವಿಮಾನ ಅದು. ಅಲ್ಲಿ ಹೊರಟಿದ್ದು 9ನೇ ತಾರೀಖು ಶನಿವಾರ ರಾತ್ರಿ ಎಂಟೂವರೆಗೆ. ವೇಳಾಪಟ್ಟಿಯಲ್ಲಿ ಇಲ್ಲಿ ಇಳಿಯುವ ಸಮಯ 11ನೇ ತಾರೀಖು ಸೋಮವಾರ ನಸುಕಿನ ಮೂರು ಮುಕ್ಕಾಲು. ನಡುವಿನ ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆಯಿತು. ಬೆಂಗಳೂರು ಗಡಿಯಾರಕ್ಕೆ ತಂದು ನೋಡಿ. ಅಲ್ಲಿಯ ಶನಿವಾರ ರಾತ್ರಿ ಎಂಟೂವರೆ ಅಂದರೆ ಇಲ್ಲಿ ಭಾನುವಾರ ಬೆಳಿಗ್ಗೆ ಹತ್ತು. ಹತ್ತರಿಂದ ಮೂರು ಮುಕ್ಕಾಲಿಗೆ ಹದಿನೇಳು ಮುಕ್ಕಾಲು ಗಂಟೆ. ನಮ್ಮ 850ರ ಲೆಕ್ಕಕ್ಕಿಂತ ಮುಕ್ಕಾಲು ಗಂಟೆ ಮಾತ್ರ ಹೆಚ್ಚು.

ತಾರೀಖಿನ ಬಲೆ

ಟಿಕೆಟ್‌ನಲ್ಲಿ ತಲುಪುವ ಸಮಯದ ಪಕ್ಕ ಚಿಕ್ಕದಾಗಿ +1 ಎಂದಿದ್ದರೆ ಮಾರನೇ ದಿನ ಎಂದು ಅರ್ಥ. ಅದಕ್ಕಿಂತ ಅಪಾಯ ಹೊರಡುವ ತಾರೀಖಿನದು.

ನಮ್ಮ ಚಿಕ್ಕಪ್ಪನ ಟಿಕೆಟ್‌ನಲ್ಲಿ "15, 00.50" ಎಂದಿತ್ತು. ಅವರು 15ನೇ ತಾರೀಖು ರಾತ್ರಿ ಊಟ ಮುಗಿಸಿ, ಎಲ್ಲರಿಗೂ ಹೇಳಿ, ಆರಾಮಾಗಿ ಏರ್‌ಪೋರ್ಟಿಗೆ ಹೋದರು. ಅವರ ವಿಮಾನ ಹಿಂದಿನ ರಾತ್ರಿಯೇ ಹೋಗಿಯಾಗಿತ್ತು. ಮಧ್ಯರಾತ್ರಿ ಹನ್ನೆರಡು ದಾಟಿದರೆ ಗಡಿಯಾರಕ್ಕೆ ಹೊಸ ದಿನ. ನಮಗೆ ಮಾತ್ರ ಬೆಳಗಾಗುವವರೆಗೆ ಹಳೇ ದಿನವೇ. ಆ ರಾತ್ರಿ ಅವರ ಮುಖ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಬೆಂಗಳೂರಿನಿಂದ ಕೊಲ್ಲಿ ದೇಶಗಳಿಗೆ, ಯುರೋಪಿಗೆ ಹೋಗುವ ಎಷ್ಟೋ ವಿಮಾನಗಳು ಮಧ್ಯರಾತ್ರಿಯಿಂದ ಬೆಳಗಿನ ಜಾವದ ನಡುವೆ ಹೊರಡುತ್ತವೆ. ಅಂಥ ಟಿಕೆಟ್ ಇದ್ದರೆ ಕ್ಯಾಲೆಂಡರಿನಲ್ಲಿ ವಿಮಾನದ ತಾರೀಖು ಗುರುತು ಹಾಕಬೇಡಿ. "14ನೇ ತಾರೀಖು ರಾತ್ರಿ ಎಂಟಕ್ಕೆ ಮನೆ ಬಿಡಬೇಕು" ಎಂದು ಮನೆ ಬಿಡುವ ದಿನವನ್ನೇ ಬರೆಯಿರಿ. ಕ್ಯಾಬ್ ಬುಕ್ ಮಾಡುವವರಿಗೂ ಅದನ್ನೇ ಹೇಳಿ.

ನಡುವೆ ಇಳಿಯುವ ವಿಮಾನ ಆರಿಸುವುದು

ನೇರ ವಿಮಾನ ಎಲ್ಲ ಊರಿಗೂ ಇರುವುದಿಲ್ಲ. ಇದ್ದರೂ ದುಡ್ಡು ಜಾಸ್ತಿ ಇರಬಹುದು. ಆಗ ಎಲ್ಲಿ ಇಳಿದು ಹತ್ತಬೇಕು ಎಂಬುದನ್ನು ದಾರ ಹಿಡಿದೇ ತೀರ್ಮಾನಿಸಬಹುದು. ಬೆಂಗಳೂರು, ನಡುವಿನ ಊರು, ಕೊನೆಯ ಊರು, ಮೂರನ್ನೂ ಸೇರಿಸಿ ಎಳೆಯಿರಿ. ನೇರ ದಾರಕ್ಕಿಂತ ಎಷ್ಟು ಉದ್ದ ಬಂತು ನೋಡಿ.

ಲಂಡನ್‌ಗೆ ದುಬೈ ಮೇಲೆ ಹೋದರೆ 2,700 ಮತ್ತು 5,500 ಸೇರಿ ಸುಮಾರು 8,200 ಕಿ.ಮೀ. ನೇರ ದಾರಿಗಿಂತ ಹೆಚ್ಚಾಗಿದ್ದು 150 ಮಾತ್ರ. ಅಂದರೆ ದುಬೈ ನಮ್ಮ ದಾರಿಯಲ್ಲೇ ಇದೆ ಎನ್ನಬಹುದು.

ಸ್ಯಾನ್ ಫ್ರಾನ್ಸಿಸ್ಕೋ ಲೆಕ್ಕ ಇನ್ನೂ ಕುತೂಹಲದ್ದು. ಹೆಚ್ಚಿನವರು ಯುರೋಪ್ ಮೇಲೆ ಹೋಗುವುದೇ ಹತ್ತಿರ ಎಂದುಕೊಂಡಿದ್ದಾರೆ. ಫ್ರಾಂಕ್‌ಫರ್ಟ್ ಮೇಲೆ ಹೋದರೆ 7,400 ಮತ್ತು 9,150, ಒಟ್ಟು 16,550 ಕಿ.ಮೀ. ಸಿಂಗಪುರ ಮೇಲೆ ಹೋದರೆ ಸುಮಾರು 16,800. ಟೋಕಿಯೊದ ನರಿತಾ ಮೇಲೆ ಹೋದರೆ 6,700 ಮತ್ತು 8,230, ಒಟ್ಟು 14,930. ನೇರ ದಾರಿ 14,000 ತಾನೇ? ಟೋಕಿಯೊ ಸುತ್ತು ಸಾವಿರದ ಒಳಗೆ. ಫ್ರಾಂಕ್‌ಫರ್ಟ್ ಸುತ್ತು ಎರಡೂವರೆ ಸಾವಿರ, ಅಂದರೆ ಆಕಾಶದಲ್ಲೇ ಮೂರು ಗಂಟೆ ಹೆಚ್ಚು. ನಾನು ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನಂಬಲಾಗದೆ ಮತ್ತೆ ದಾರ ಎಳೆದು ನೋಡಿದ್ದೆ.

ಆದರೆ ದೂರ ಒಂದನ್ನೇ ನೋಡಬೇಡಿ. ನಡುವಿನ ಊರಿನಲ್ಲಿ ಕಾಯುವ ಹೊತ್ತು ಸುತ್ತಿಗಿಂತ ಹೆಚ್ಚು ತಿನ್ನುತ್ತದೆ. ಒಂದೂಕಾಲು ಗಂಟೆ ಇದ್ದರೆ ಮೊದಲ ವಿಮಾನ ಸ್ವಲ್ಪ ತಡವಾದರೂ ಎದೆ ಡವಡವ. ಎಂಟು ಗಂಟೆ ಇದ್ದರೆ ಬೆನ್ನು ನೋವು. ವಯಸ್ಸಾದವರು ಒಬ್ಬರೇ ಹೋಗುವಾಗ ಎರಡೂವರೆಯಿಂದ ನಾಲ್ಕು ಗಂಟೆ ಸರಿ ಎನ್ನುವುದು ನನ್ನ ಅನುಭವ. ಅವರಿಗೆ ವೀಲ್‌ಚೇರ್ ಸಹಾಯವನ್ನು ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ನಡೆಯಲು ಕಷ್ಟ ಇಲ್ಲದಿದ್ದರೂ, ದೊಡ್ಡ ನಿಲ್ದಾಣದಲ್ಲಿ ಸರಿಯಾದ ಗೇಟಿಗೆ ಕರೆದುಕೊಂಡು ಹೋಗುವವರು ಒಬ್ಬರು ಜೊತೆಗಿರುತ್ತಾರೆ.

ಎರಡು ವಿಮಾನಗಳೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಬೇರೆ ಬೇರೆ ಟಿಕೆಟ್ ತೆಗೆದುಕೊಂಡರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಕೇಳುವವರು ಇರುವುದಿಲ್ಲ. ಲಗೇಜನ್ನೂ ನೀವೇ ತೆಗೆದುಕೊಂಡು ಮತ್ತೆ ಕೊಡಬೇಕಾಗಬಹುದು. ಅಮೆರಿಕದಲ್ಲಂತೂ ಒಂದೇ ಟಿಕೆಟ್ ಇದ್ದರೂ ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಲಗೇಜ್ ತೆಗೆದುಕೊಂಡು ಮತ್ತೆ ಕೊಡಬೇಕು. ಅಲ್ಲಿ ನಡುವೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ನಡುವಿನ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಎಂಬುದನ್ನು ದುಡ್ಡು ಕಟ್ಟುವ ಮೊದಲು ಆ ದೇಶದ ದೂತಾವಾಸದ ಮಾಹಿತಿಯಲ್ಲಿ ನೋಡಿ.

ಮನೆಯಿಂದ ದೇವನಹಳ್ಳಿಗೆ

2008ರ ಮೇ ತಿಂಗಳವರೆಗೆ ಊರೊಳಗಿನ ಹಳೇ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಹಾರುತ್ತಿದ್ದೆವು. ಈಗ ಊರಿನ ನಡುವಿನಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸುಮಾರು 35 ಕಿ.ಮೀ. ಬಸವನಗುಡಿಯಿಂದ ಭಾನುವಾರ ಬೆಳಗಿನ ಜಾವ ಹೊರಟರೆ ಒಂದು ಗಂಟೆ ಚಿಲ್ಲರೆ. ವಾರದ ದಿನ ಬೆಳಿಗ್ಗೆ ಅಥವಾ ಸಂಜೆ ಮೇಖ್ರಿ ಸರ್ಕಲ್, ಹೆಬ್ಬಾಳ ದಾಟುವುದೇ ಒಂದು ಪ್ರಯಾಣ. ಎರಡು ಗಂಟೆ ಇಟ್ಟುಕೊಳ್ಳಿ. ಮಳೆ ಇದ್ದರೆ ಇನ್ನರ್ಧ ಗಂಟೆ. ಹೆಬ್ಬಾಳ ದಾಟಿದ ಮೇಲೆ ದಾರಿ ಸರಾಗ, ಸಾದಹಳ್ಳಿ ಟೋಲ್ ಒಂದು ಬಿಟ್ಟರೆ.

ಲಗೇಜ್ ಕಡಿಮೆ ಇದ್ದರೆ ವಾಯುವಜ್ರ ಬಸ್ ಚೆನ್ನಾಗಿದೆ. ಮೆಜೆಸ್ಟಿಕ್‌ನಿಂದ ಕೆಐಎ-9, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಕೆಐಎ-8. ರಾತ್ರಿಯೂ ಓಡುತ್ತವೆ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ಏರ್‌ಪೋರ್ಟಿಗೇ ಬರುತ್ತದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತುವ ರಗಳೆ ಇಲ್ಲ.

ವಿದೇಶಿ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿವೆ. ಕ್ಯಾಬ್‌ನವರಿಗೆ ಹತ್ತುವಾಗಲೇ "ಟಿ2" ಎಂದು ಹೇಳಿ. ವಿಮಾನ ಹೊರಡುವ ಮೂರು ಗಂಟೆ ಮೊದಲು ಅಲ್ಲಿರಬೇಕು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ.

ನಮ್ಮ ಅತ್ತೆಗೆ ರಾಹುಕಾಲದಲ್ಲಿ ಮನೆ ಬಿಡುವುದು ಸುತರಾಂ ಆಗುವುದಿಲ್ಲ. ನಿಮ್ಮ ಮನೆಯಲ್ಲೂ ಹಾಗಿದ್ದರೆ ಮೊದಲೇ ಪಂಚಾಂಗ ನೋಡಿ ಹೊರಡುವ ಹೊತ್ತು ಹಿಂದಕ್ಕೆ ಹಾಕಿಕೊಳ್ಳಿ. ರಾಹುಕಾಲ ಕಳೆಯಲಿ ಎಂದು ಕಾಯುವುದಕ್ಕಿಂತ ಅದಕ್ಕೆ ಮೊದಲೇ ಹೊಸ್ತಿಲು ದಾಟಿ ಏರ್‌ಪೋರ್ಟಿನಲ್ಲಿ ಕಾಫಿ ಕುಡಿಯುತ್ತಾ ಕೂರುವುದು ಎಲ್ಲರಿಗೂ ಸಮಾಧಾನ.

ಈಗ ಅಮ್ಮನ ಒಟ್ಟು ಲೆಕ್ಕ ಕೂಡಿಸೋಣ. ಬೆಳಿಗ್ಗೆ 8.30ಕ್ಕೆ ಬಸವನಗುಡಿ ಬಿಟ್ಟರು. 10.30ಕ್ಕೆ ಏರ್‌ಪೋರ್ಟ್. 1.30ಕ್ಕೆ ವಿಮಾನ. ಬೆಂಗಳೂರು ಗಡಿಯಾರದಲ್ಲಿ ರಾತ್ರಿ 12.15ಕ್ಕೆ ಹೀತ್ರೂ. ಇಮಿಗ್ರೇಷನ್ ಸಾಲು, ಲಗೇಜ್ ಎಲ್ಲ ಮುಗಿಯುವಾಗ 1.30. ಅಲ್ಲಿಂದ ಒಂದು ಗಂಟೆ ಕಾರು. ಅಕ್ಕನ ಮನೆಯ ಕಾಲಿಂಗ್ ಬೆಲ್ ಒತ್ತಿದಾಗ ಇಲ್ಲಿ 2.30, ಅಲ್ಲಿ ರಾತ್ರಿ ಒಂಬತ್ತು. ಒಟ್ಟು ಹದಿನೆಂಟು ಗಂಟೆ. ಹಾರಿದ್ದು ಹತ್ತು ಮುಕ್ಕಾಲು, ಉಳಿದ ಏಳೂ ಕಾಲು ಗಂಟೆ ನೆಲದ ಮೇಲೆ! ಅಕ್ಕ "ಹತ್ತು ಗಂಟೆ ಪ್ರಯಾಣ ತಾನೇ, ಬಂದ ಮೇಲೆ ಹೊರಗೆ ಊಟಕ್ಕೆ ಹೋಗೋಣ" ಎಂದಿದ್ದಳು. ಈ ಲೆಕ್ಕ ಕಳಿಸಿದ ಮೇಲೆ ಮನೆಯಲ್ಲೇ ಬಿಸಿ ಬಿಸಿ ಅನ್ನ ಸಾರು ಮಾಡಿಟ್ಟಳು.

ಮಾತ್ರೆಯ ಸಮಯ

ಇದನ್ನು ಹೆಚ್ಚಿನವರು ಮರೆಯುತ್ತಾರೆ. ಅಮ್ಮ ಬೆಳಿಗ್ಗೆ ಎಂಟಕ್ಕೆ ಒಂದು, ರಾತ್ರಿ ಒಂಬತ್ತಕ್ಕೆ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನ ರಾತ್ರಿ ಒಂಬತ್ತಕ್ಕೆ ಅವರು ಇನ್ನೂ ಆಕಾಶದಲ್ಲಿ. ಕಿಟಕಿಯ ಹೊರಗೆ ಕತ್ತಲಾಯಿತೇ, ಬೆಳಕಿದೆಯೇ ಎಂದು ನೋಡಿ ಹೊತ್ತು ಅಂದಾಜು ಮಾಡಲು ಆಗುವುದಿಲ್ಲ, ಯಾಕೆಂದರೆ ಪಶ್ಚಿಮಕ್ಕೆ ಹೋಗುವಾಗ ಸೂರ್ಯನ ಹಿಂದೆಯೇ ಓಡುತ್ತಿರುತ್ತೇವೆ. ಸಂಜೆ ಎಳೆದಷ್ಟೂ ಉದ್ದವಾಗುತ್ತದೆ.

ಅದಕ್ಕೆ ಕೈಗಡಿಯಾರವನ್ನು ಬೆಂಗಳೂರು ಸಮಯದಲ್ಲೇ ಬಿಡಿ. ಮೊಬೈಲ್ ಇಳಿದ ಮೇಲೆ ತಾನಾಗಿ ಲಂಡನ್ ಸಮಯ ತೋರಿಸುತ್ತದೆ. ಅಮ್ಮ ವಿಮಾನದಲ್ಲಿ ಕೈಗಡಿಯಾರ ನೋಡಿ ಒಂಬತ್ತಕ್ಕೆ ಮಾತ್ರೆ ನುಂಗಿದರು. ಅಲ್ಲಿಗೆ ಹೋದ ಮೇಲೆ ಬೆಳಗಿನ ಮಾತ್ರೆಯ ಹೊತ್ತು ಅಲ್ಲಿನ ಮಧ್ಯರಾತ್ರಿ ಎರಡೂವರೆ. ಅದನ್ನು ಹೇಗೆ ಮುಂದಕ್ಕೆ ಹಾಕಬೇಕು ಎಂದು ಹೊರಡುವ ವಾರ ಮೊದಲೇ ನಮ್ಮ ಡಾಕ್ಟರ ಹತ್ತಿರ ಕೇಳಿ ಬರೆಸಿಕೊಂಡಿದ್ದೆವು. ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಖಂಡಿತ ಕೇಳಬೇಕು. ನೀವೇ ಅಂದಾಜು ಮಾಡಬೇಡಿ. ಮಾತ್ರೆ ಮತ್ತು ಚೀಟಿ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಲಿ, ಕಾಲು ಊದಿಕೊಳ್ಳುವುದು ಕಡಿಮೆಯಾಗುತ್ತದೆ. ನೀರು ಕುಡಿಯಲಿ.

ಕೊನೆಗೆ ಇದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ. ಎಡಗಡೆ ಬೆಂಗಳೂರು ಸಮಯ, ಬಲಗಡೆ ಆ ಊರಿನ ಸಮಯ. ಮನೆ ಬಿಡುವುದು, ಕೌಂಟರ್, ವಿಮಾನ, ಮಾತ್ರೆ, ಇಳಿಯುವುದು, ಮನೆ ತಲುಪುವುದು, ಇಷ್ಟು ಸಾಲು ಸಾಕು. ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಒಂದು ಪ್ರತಿ ಹೋಗುವವರ ಪರ್ಸಿನಲ್ಲಿ, ಒಂದು ನಮ್ಮ ಫ್ರಿಜ್ ಬಾಗಿಲಿಗೆ, ಒಂದು ಫೋಟೋ ಆ ಕಡೆಯವರ ಮೊಬೈಲಿಗೆ. ತಲುಪಿದ ತಕ್ಷಣ ಫೋನ್ ಮಾಡಲು ಹೇಳಿರುತ್ತೀರಿ. ಅಷ್ಟು ಹೊತ್ತಿಗೆ ಇಲ್ಲಿ ರಾತ್ರಿ ಎರಡೂವರೆ ಆಗಿರುತ್ತದೆ. ಯಾರು ಎದ್ದಿರುತ್ತಾರೆ ಎಂದು ಮೊದಲೇ ಮಾತಾಡಿಕೊಂಡು, ಅವರ ಹೆಸರನ್ನೂ ಆ ಹಾಳೆಯ ಕೊನೆಯ ಸಾಲಿನಲ್ಲಿ ಬರೆದುಬಿಡಿ.